ಭೇದಿ ಒಂದೇ, ಮರಿ ಎರಡು

ಬಹಳ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಆಫೀಸಿನಲ್ಲಿ ಒಂದು ರಿಲೀಸ್ ಮುಗಿಯುವಷ್ಟರಲ್ಲಿ ಇನ್ನೊಂದು, ನಿಮಗೆ ಗೊತ್ತೇ ಇದೆಯಲ್ಲ.. ಸಂಕ್ರಾಂತಿಗೆ ಹೇಗೋ ನಾಲ್ಕು ದಿನ ರಜೆ ಗಿಟ್ಟಿಸಿ ಊರಿಗೆ ಹೋಗಿದ್ದೆ. ಅಲ್ಲಿ ಕಂಡದ್ದೊಂದು ಬೆಂಗಳೂರಿಗೆ ಬಂದ ಮೇಲೂ ತಲೆಯಲ್ಲಿ ಕೊರೆಯುತ್ತಿದೆ. ವಿಷಯ ಸ್ವಲ್ಪ ವಿಚಿತ್ರ, ಮೊದಲೇ ಹೇಳಿಬಿಡುತ್ತೇನೆ: ಕುದುರೆ ಮರಿಯ ಭೇದಿ. ಊಟ ಮಾಡುತ್ತಾ ಬ್ಲಾಗ್ ಓದುವ ಅಭ್ಯಾಸ ಇರುವವರು ಊಟ ಮುಗಿಸಿಯೇ ಬನ್ನಿ :)

ನಮ್ಮೂರು ಸುರಪುರದಿಂದ ಶಹಾಪುರಕ್ಕೆ ಹೋಗುವ ದಾರಿಯಲ್ಲಿದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಕಡೆಯೆಲ್ಲ ಈಗ ಭತ್ತ, ನೀರು ಮುಟ್ಟದ ಕಡೆ ತೊಗರಿ, ಹತ್ತಿ. ನಮ್ಮದು ನೀರು ಮುಟ್ಟದ ಹೊಲ. ತೊಗರಿ ರಾಶಿ ಆದ ಮೇಲೆ ಹೊಲ ಖಾಲಿ ಬಿದ್ದಾಗ ಪ್ರತಿ ವರ್ಷ ಕುರಿಗಾರರು ಬಂದು ಕುರಿ ತರುಬುತ್ತಾರೆ. ಬೆಂಗಳೂರು, ಮೈಸೂರು ಕಡೆಯವರಿಗಾಗಿ: ತರುಬುವುದು ಅಂದರೆ ರಾತ್ರಿ ಹೊಲದಲ್ಲಿ ಕುರಿ ಹಿಂಡನ್ನು ನಿಲ್ಲಿಸುವುದು. ಹಿಕ್ಕೆ ಹೊಲಕ್ಕೆ ಗೊಬ್ಬರ, ಕುರಿಗಾರರಿಗೆ ಒಂದಿಷ್ಟು ಜೋಳ, ಒಂದಿಷ್ಟು ರೊಕ್ಕ. ಅವರ ಜೊತೆ ನಾಯಿ ಇರುತ್ತವೆ, ಬಲೆ ಇರುತ್ತದೆ, ಎರಡೋ ಮೂರೋ ತಟ್ಟು ಕುದುರೆ ಇರುತ್ತವೆ. ಕುದುರೆ ಅಂದ ತಕ್ಷಣ ಬೆಂಗಳೂರಿನ ರೇಸ್‌ಕೋರ್ಸ್ ನೆನಪಿಸಿಕೊಳ್ಳಬೇಡಿ. ಇವು ಕುಳ್ಳಗಿನ, ಧೂಳು ಬಣ್ಣದ, ಯಾರೂ ಫೋಟೋ ತೆಗೆಯದ ಕುದುರೆಗಳು. ಕಂಬಳಿ, ಪಾತ್ರೆ, ಹಿಟ್ಟಿನ ಚೀಲ, ದಾರಿಯಲ್ಲಿ ಹುಟ್ಟಿದ ಕುರಿಮರಿ, ಒಮ್ಮೊಮ್ಮೆ ಕೂಸು ಸಹ ಅದರ ಬೆನ್ನ ಮೇಲೆಯೇ. ಅವರ ಪಾಲಿಗೆ ಕುದುರೆ ಅಂದರೆ ನಡೆದಾಡುವ ಮನೆ.

ಈ ಸಲ ಬೆಳಿಗ್ಗೆ ಹೊಲಕ್ಕೆ ಹೋದಾಗ ಒಂದು ಪುಟ್ಟ ಕುದುರೆ ಮರಿಯನ್ನು ಬೇವಿನ ಗಿಡಕ್ಕೆ ಕಟ್ಟಿದ್ದರು. ತಾಯಿ ದೂರದಲ್ಲಿ ಇನ್ನೊಂದು ಗೂಟಕ್ಕೆ. ಮರಿಯ ಬಾಲ, ಹಿಂದಿನ ಕಾಲು ಎಲ್ಲ ಹಳದಿ ಗಲೀಜು. ಎರಡೂ ಒಂದನ್ನೊಂದು ನೋಡಿ ಕೂಗುತ್ತಿದ್ದವು. ತಾಯಿಯ ಕೆಚ್ಚಲು ಬಿಗಿದು ಹಾಲು ತೊಟ್ಟಿಕ್ಕುತ್ತಿತ್ತು.

"ಕಾಕಾ, ಮರಿ ಯಾಕ ಕಟ್ಟೀರಿ?" ಅಂದೆ.

"ಹೊಟ್ಟಿ ಕೆಟ್ಟದ ತಮ್ಮಾ. ಅವ್ವ ಬೆದಿಗಿ ಬಂದಾಳ, ಹಾಲು ಕೆಟ್ಟಾವ. ಹಾಲು ಬಿಟ್ರ ಮತ್ತಷ್ಟು ಭೇದಿ ಹತ್ತತದ. ನಿನ್ನಿ ರಾತ್ರಿಂದ ಕಟ್ಟೀನಿ. ಸಂಜಿತನ ನೋಡಿ ಬರಿ ಹಾಕಬೇಕಂತ ಮಾಡೀನಿ."

ಬರೆ ಅಂದರೆ ಕಾಯಿಸಿದ ಕಬ್ಬಿಣದಿಂದ ಹೊಟ್ಟೆಯ ಮೇಲೆ ಸುಡುವುದು. ನಮ್ಮ ಕಡೆ ದನಕ್ಕೂ ಹಾಕುತ್ತಾರೆ, ಕೂಸಿಗೂ ಹಾಕಿದ್ದನ್ನು ಸಣ್ಣವನಿದ್ದಾಗ ನೋಡಿದ್ದೇನೆ.

"ಹೋದ ವರ್ಷನೂ ಹಿಂಗ ಆಗಿತ್ತು. ಕಟ್ಟಿ ಹಾಕಿದಿವಿ, ಬರಿ ಹಾಕಿದಿವಿ. ಆ ಮರಿ ಉಳೀಲಿಲ್ಲ," ಅಂದರು ಕಾಕಾ. ಆ ದನಿಯಲ್ಲಿ ಈ ಮರಿಯೂ ಉಳಿಯುವುದಿಲ್ಲ ಅನ್ನುವ ತಯಾರಿ ಆಗಲೇ ಇತ್ತು.

ನನಗೆ ಕುದುರೆ ಬಗ್ಗೆ ಸೊನ್ನೆ. ನಾನು ಕೋಡ್ ಬರೆದು ಬದುಕುವವನು. ಆದರೆ ಹೈಸ್ಕೂಲಿನಲ್ಲಿ ಪಕ್ಕದಲ್ಲಿ ಕೂಡುತ್ತಿದ್ದ ಗೆಳೆಯನೊಬ್ಬ ಬೀದರಿನಲ್ಲಿ ವೆಟರ್ನರಿ ಓದಿ ಈಗ ಬೇರೆ ಜಿಲ್ಲೆಯಲ್ಲಿ ಡಾಕ್ಟರಾಗಿದ್ದಾನೆ. ಅವನಿಗೆ ಫೋನ್ ಹಚ್ಚಿದೆ. ಯಾವ ಗುಳಿಗೆ ತರಲಿ ಅಂತ ಕೇಳಿದೆ. ಅವನು ಗುಳಿಗೆಯ ಮಾತೇ ಆಡಲಿಲ್ಲ, ಒಂದರ ಮೇಲೊಂದು ಪ್ರಶ್ನೆ ಕೇಳಿದ.

"ಲೇ, ಹುಟ್ಟಿ ಎಷ್ಟು ದಿನಾತು?" ಒಂಬತ್ತು ದಿನ. "ಬಿಟ್ರ ಹಾಲು ಕುಡಿತದ?" ಕುಡಿಯಲಿಕ್ಕೆ ಹಗ್ಗ ಹರಕೊಳ್ಳುತ್ತಿದೆ. "ಭೇದಿಯೊಳಗ ರಕ್ತ ಅದ? ಕೆಟ್ಟ ನಾತ ಅದ?" ಇಲ್ಲ. "ಜ್ವರ?" ಮನೆಯಲ್ಲಿದ್ದ ಡಿಜಿಟಲ್ ಥರ್ಮಾಮೀಟರ್ ತಂದು ಅವನು ಹೇಳಿದ ಹಾಗೆ ಗುದದಲ್ಲಿಟ್ಟು ನೋಡಿದೆ (ಆ ಥರ್ಮಾಮೀಟರನ್ನು ಅಲ್ಲೇ ದಾನ ಮಾಡಿ ಬಂದೆ ಅಂತ ಬೇರೆ ಹೇಳಬೇಕಿಲ್ಲ). 101. ಮರಿಗೆ 99ರಿಂದ 102 ಫ್ಯಾರನ್‌ಹೀಟ್ ಸಹಜವಂತೆ. "ತುಟಿ ಎತ್ತಿ ಒಸಡು ಒತ್ತು, ಬೆರಳು ತೆಗೆದ ಮ್ಯಾಲ ಎಷ್ಟೊತ್ತಿಗೆ ಕೆಂಪಾಗತದ?" ಎರಡು ಸೆಕೆಂಡಿನೊಳಗೆ ಆಯಿತು.

"ಹಂಗಾರ ಮೊದಲು ಹಗ್ಗ ಬಿಚ್ಚು," ಅಂದ.

ಬಿಚ್ಚಿದೆವು. ಮರಿ ಓಡಿ ಹೋಗಿ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿದ್ದನ್ನು ನೀವು ನೋಡಬೇಕಿತ್ತು.

ಅವನು ಹೇಳಿದ್ದು ಇಷ್ಟು. ಹುಟ್ಟಿದ ಸುಮಾರು ಐದರಿಂದ ಹದಿನಾಲ್ಕು ದಿನದೊಳಗೆ ಬಹಳಷ್ಟು ಕುದುರೆ ಮರಿಗಳಿಗೆ ಸಣ್ಣಗೆ ಭೇದಿ ಆಗಿಯೇ ಆಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ ತಾಯಿ ಕುದುರೆ ಹೆರಿಗೆಯ ನಂತರ ಮೊದಲ ಸಲ ಬೆದೆಗೆ ಬರುತ್ತದೆ. ಹಾಗಾಗಿ ಬೆದೆಯಿಂದ ಹಾಲು ಕೆಟ್ಟು ಭೇದಿ ಆಯಿತು ಅಂತ ನಮ್ಮ ಕಾಕಾ ಒಬ್ಬರೇ ಅಲ್ಲ, ಇಡೀ ಜಗತ್ತೇ ನಂಬಿತ್ತು. ಇಂಗ್ಲಿಷಿನಲ್ಲಿ ಇಂದಿಗೂ ಈ ಭೇದಿಗೆ ತಾಯಿಯ ಬೆದೆಯದೇ ಹೆಸರು. ಆದರೆ ತಾಯಿ ಇಲ್ಲದೆ, ಬಾಟಲಿ ಹಾಲಿನಲ್ಲಿ ಬೆಳೆದ ಮರಿಗಳಿಗೂ ಅದೇ ವಯಸ್ಸಿಗೆ ಅದೇ ಭೇದಿ ಆಗುತ್ತದೆ. ಅಂದ ಮೇಲೆ ಹಾಲಿನ ತಪ್ಪೇನು? ಮರಿಯ ಕರುಳು ಬಲಿಯುತ್ತಿರುತ್ತದೆ, ಹೊಸ ಸೂಕ್ಷ್ಮಜೀವಿಗಳು ಅಲ್ಲಿ ಮನೆ ಮಾಡುತ್ತಿರುತ್ತವೆ. ಮರಿ ತಾಯಿಯ ಲದ್ದಿ ತಿನ್ನುವುದೂ ಅದಕ್ಕೇ. ನಾವು ಗಲೀಜು ಅಂತ ಬಡಿದು ಬಿಡಿಸುತ್ತೇವೆ, ಅದು ಸಹಜವೇ. ಮರಿ ಚುರುಕಾಗಿದ್ದು, ಹಾಲು ಕುಡಿಯುತ್ತಾ, ಜ್ವರ ಇಲ್ಲದಿದ್ದರೆ ಕೆಲವು ದಿನಗಳಲ್ಲಿ ತಾನೇ ನಿಲ್ಲುತ್ತದೆ. ಹಿಂದಿನ ಕಾಲು ಬೆಚ್ಚಗಿನ ನೀರಿನಿಂದ ತೊಳೆದು, ಒರೆಸಿ, ಚರ್ಮ ಸುಲಿಯದಂತೆ ವ್ಯಾಸಲೀನ್ ಹಚ್ಚಬೇಕು, ಕಣ್ಣಿಟ್ಟಿರಬೇಕು. ಔಷಧ ಇಷ್ಟೇ.

ಇಲ್ಲಿಗೆ ಮುಗಿದಿದ್ದರೆ ಇದೊಂದು ಖುಷಿಯ ಪೋಸ್ಟ್ ಆಗುತ್ತಿತ್ತು. ಆದರೆ ಗೆಳೆಯ ಫೋನ್ ಇಡುವ ಮೊದಲು ಕೇಳಿದ, "ಹೋದ ವರ್ಷ ಸತ್ತಿದ್ದು ಎಷ್ಟು ದಿನದ ಮರಿ?"

ಕಾಕಾ ನೆನಪು ಮಾಡಿಕೊಂಡರು. ಮೂರನೇ ದಿನ. ಭೇದಿ ಕೆಂಪಗಿತ್ತು, ನಾತ ಹೊಡೆಯುತ್ತಿತ್ತು. ಕಟ್ಟುವುದಕ್ಕೆ ಮೊದಲೇ ಮರಿ ಹಾಲು ಬಿಟ್ಟಿತ್ತು, ಕಿವಿ ತಣ್ಣಗಾಗಿದ್ದವು. ಗಿಣ್ಣದ ಹಾಲು ಕುಡಿದಿತ್ತಾ ಅಂತ ಕೇಳಿದ್ದಕ್ಕೆ, "ದಪ್ಪ ಹಾಲು ಮರಿಗಿ ಆಗಂಗಿಲ್ಲಂತ ಹಿಂಡಿ ಚೆಲ್ಲಿದ್ದಿವಿ" ಅಂದರು.

ಫೋನಿನ ಆ ಕಡೆ ಗೆಳೆಯ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನನ್ನನ್ನು ಕೊರೆಯುತ್ತಿರುವುದು ಇದೇ. ಎರಡು ಮರಿ, ಎರಡಕ್ಕೂ ಭೇದಿ. ಒಂದಕ್ಕೆ ಏನೂ ಮಾಡಬೇಕಿರಲಿಲ್ಲ. ಇನ್ನೊಂದಕ್ಕೆ ಗಂಟೆಯೊಳಗೆ ಡಾಕ್ಟರು ಬೇಕಿತ್ತು. ನಾವು ಎರಡಕ್ಕೂ ಮಾಡಿದ್ದು, ಮಾಡಹೊರಟಿದ್ದು ಒಂದೇ: ಹಾಲು ಬಿಡಿಸು, ಕಟ್ಟಿ ಹಾಕು, ಬರೆ ಹಾಕು.

ನಮ್ಮ ಕೆಲಸದಲ್ಲಿ ಹೊಸದಾಗಿ ಸೇರಿದವರಿಗೆ ಒಂದು ಮಾತು ಹೇಳುತ್ತೇವೆ. ಸ್ಕ್ರೀನಿನ ಮೇಲೆ ಬಂದ ಎರರ್ ಬಗ್ ಅಲ್ಲ, ಬಗ್ ಎಲ್ಲೋ ಒಳಗಿದೆ, ಎರರ್ ಮುಚ್ಚಿ ಹಾಕಿದರೆ ಸರಿಹೋಗಲ್ಲ ಅಂತ. ಭೇದಿಯೂ ರೋಗದ ಹೆಸರಲ್ಲ. ಬೆಳೆಯುತ್ತಿರುವ ಕರುಳಿನಿಂದಲೂ ಭೇದಿ, ರೋಟಾವೈರಸ್ಸಿನಿಂದಲೂ ಭೇದಿ, ಕ್ಲಾಸ್ಟ್ರಿಡಿಯಮ್, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದಿಂದಲೂ ಭೇದಿ, ತಾಯಿಯ ಹಾಲಿನ ಮೂಲಕ ಬರುವ ಒಂದು ಜಾತಿಯ ಹುಳದಿಂದಲೂ ಭೇದಿ. ರಕ್ತಕ್ಕೇ ನಂಜೇರಿದ ಮರಿಗೂ ಮೊದಲು ಕಾಣುವುದು ಭೇದಿಯೇ ಇರಬಹುದು. ಲ್ಯಾಬಿನಲ್ಲಿ ಸಗಣಿ, ರಕ್ತ ಪರೀಕ್ಷೆ ಮಾಡಿ ಯಾವುದು ಅಂತ ಹೇಳುವುದು ಡಾಕ್ಟರ ಕೆಲಸ. ಆದರೆ "ಇದು ಕಾಯಬಹುದಾದ ಭೇದಿಯೋ, ಕಾಯಬಾರದ ಭೇದಿಯೋ" ಅನ್ನುವುದನ್ನು ಹೊಲದಲ್ಲಿ ನಿಂತವರೇ ಹೇಳಬಹುದು. ಅದಕ್ಕೆ ಬೇಕಾದದ್ದು ಗೆಳೆಯ ಕೇಳಿದ ಪ್ರಶ್ನೆಗಳು ಮಾತ್ರ:

1) ವಯಸ್ಸೆಷ್ಟು? ಮೊದಲ ನಾಲ್ಕೈದು ದಿನದ ಮರಿಗೆ ಭೇದಿ ಆದರೆ ಕಾಯಬೇಡಿ.

2) ಹಾಲು ಕುಡಿಯುತ್ತಿದೆಯಾ? ಮರಿಯನ್ನು ಕಟ್ಟದೆ ಬಿಟ್ಟಾಗಲೂ ತಾಯಿಯ ಕೆಚ್ಚಲು ಬಿಗಿದು ಹಾಲು ಸೋರುತ್ತಿದ್ದರೆ ಮರಿ ಕುಡಿಯುತ್ತಿಲ್ಲ ಅಂತ ಅರ್ಥ. ಮರಿಯ ಮುಖ ನೋಡುವುದಕ್ಕಿಂತ ತಾಯಿಯ ಕೆಚ್ಚಲು ನೋಡಿದರೆ ಬೇಗ ಗೊತ್ತಾಗುತ್ತದೆ.

3) ಜ್ವರ ಇದೆಯಾ? 102 ದಾಟಿದರೂ ಕೆಟ್ಟದ್ದು, 99ಕ್ಕಿಂತ ಕೆಳಗಿಳಿದು ಮೈ ತಣ್ಣಗಾದರೂ ಅಷ್ಟೇ ಕೆಟ್ಟದ್ದು.

4) ರಕ್ತ, ಕೊಳೆತ ನಾತ, ಉಬ್ಬಿದ ಹೊಟ್ಟೆ, ಊದಿದ ಕೀಲು ಅಥವಾ ಹೊಕ್ಕುಳು, ಗುಳಿ ಬಿದ್ದ ಕಣ್ಣು, ಒಣಗಿದ ಒಸಡು.. ಇದರಲ್ಲಿ ಯಾವುದಾದರೂ ಒಂದಿದ್ದರೂ ಡಾಕ್ಟರು ಬೇಕು, ಇವತ್ತೇ ಬೇಕು.

ಇನ್ನು ಆ ಚೆಲ್ಲಿದ ಗಿಣ್ಣದ ಹಾಲಿನ ಮಾತು. ಮನುಷ್ಯರ ಕೂಸಿಗೆ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಒಂದಿಷ್ಟು ರೋಗನಿರೋಧಕ ಶಕ್ತಿ ಸಿಕ್ಕಿರುತ್ತದೆ. ಕುದುರೆ ಮರಿಗೆ, ಕರುವಿಗೆ, ಕುರಿಮರಿಗೆ ಹಾಗಿಲ್ಲ. ಅವು ಹೆಚ್ಚುಕಡಿಮೆ ಬರಿಗೈಯಲ್ಲಿ ಹುಟ್ಟುತ್ತವೆ. ಬೇಕಾದದ್ದೆಲ್ಲ ಗಿಣ್ಣದ ಹಾಲಿನಲ್ಲೇ ಬರಬೇಕು. ಮರಿಯ ಕರುಳು ಅದನ್ನು ರಕ್ತಕ್ಕೆ ಸೇರಿಸಿಕೊಳ್ಳುವ ಬಾಗಿಲು ಮೊದಲ ಆರೆಂಟು ಗಂಟೆ ಚೆನ್ನಾಗಿ ತೆರೆದಿರುತ್ತದೆ, ಒಂದು ದಿನ ಕಳೆಯುವಷ್ಟರಲ್ಲಿ ಮುಚ್ಚಿಹೋಗುತ್ತದೆ. ಮತ್ತೆ ತೆರೆಯುವುದಿಲ್ಲ. ಕುದುರೆ ಸಾಕುವವರಲ್ಲಿ ಒಂದು-ಎರಡು-ಮೂರು ಅನ್ನುವ ಲೆಕ್ಕ ಇದೆ: ಒಂದು ಗಂಟೆಯೊಳಗೆ ಮರಿ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ಇದರಲ್ಲಿ ಯಾವುದು ತಪ್ಪಿದರೂ ಡಾಕ್ಟರಿಗೆ ಹೇಳಬೇಕು. ನಾವು ಮನುಷ್ಯರು ಹಸುವಿನ ಗಿಣ್ಣು ಮಾಡಿಕೊಂಡು ಏಲಕ್ಕಿ ಹಾಕಿ ತಿನ್ನುತ್ತೇವೆ, ಮರಿಗೆ ಮಾತ್ರ "ಆಗಂಗಿಲ್ಲ" ಅಂತ ಚೆಲ್ಲುತ್ತೇವೆ. ಗಿಣ್ಣು ಕುಡಿದಿದ್ದರೆ ಹೋದ ವರ್ಷದ ಮರಿ ಖಂಡಿತ ಉಳಿಯುತ್ತಿತ್ತು ಅಂತ ನಾನು ಹೇಳಲಾರೆ. ಆದರೆ ಅದಕ್ಕಿದ್ದ ಒಂದೇ ಗುರಾಣಿಯನ್ನು ನಾವೇ ಕಿತ್ತುಕೊಂಡಿದ್ದೆವು ಅನ್ನುವುದಂತೂ ನಿಜ.

ಹಾಲು ಬಿಡಿಸುವುದು ಯಾಕೆ ಇಷ್ಟು ಕೆಟ್ಟದ್ದು? ಲೆಕ್ಕ ಹಾಕಿ ನೋಡಿ. ಮರಿ ದಿನಕ್ಕೆ ತನ್ನ ತೂಕದ ಐದನೇ ಒಂದು ಭಾಗದಷ್ಟು, ಇನ್ನೂ ಹೆಚ್ಚೇ, ಹಾಲು ಕುಡಿಯುತ್ತದೆ. 20 ಕಿಲೋ ಮರಿಗೆ ನಾಲ್ಕು ಲೀಟರಿನ ಮೇಲೆ. ಅದೂ ಗಂಟೆಗೆ ಐದಾರು ಸಲ ಸ್ವಲ್ಪ ಸ್ವಲ್ಪವಾಗಿ. ಅದರ ಊಟ, ನೀರು ಎರಡೂ ಅದೇ. ಹಿಂದಿನಿಂದ ನೀರು ಹೋಗುತ್ತಿರುವಾಗ ಮುಂದಿನಿಂದ ಬರುವುದನ್ನೂ ನಿಲ್ಲಿಸಿದರೆ? ಬಹಳ ಸಲ ಮರಿಯನ್ನು ಕೊಲ್ಲುವುದು ಭೇದಿಯಲ್ಲ, ಒಣಗುವುದು. ನೀರು, ಉಪ್ಪು, ಸಕ್ಕರೆ ಅಂಶ ಕುಸಿದು ಮರಿ ಬೀಳುತ್ತದೆ. ನಾವು ಭೇದಿಗೆ ಬರೆ ಹಾಕುತ್ತಾ ಕೂತಿರುತ್ತೇವೆ.

ಇಲ್ಲಿ ನನ್ನದೂ ಒಂದು ತಪ್ಪು ಒಪ್ಪಿಕೊಳ್ಳಬೇಕು. "ಉಪ್ಪು ಬೆಲ್ಲದ ನೀರು ಕುಡಿಸ್ಲೇನು?" ಅಂತ ಜಾಣತನದಿಂದ ಕೇಳಿದ್ದೆ. ಕೂಸುಗಳಿಗೆ ಅಮ್ಮ ಮಾಡುತ್ತಿದ್ದದ್ದು ಅದೇ ಅಲ್ಲವೇ. ಗೆಳೆಯ ಬೇಡ ಅಂದ. ಬೆಲ್ಲ, ಸಕ್ಕರೆಯಲ್ಲಿರುವ ಸುಕ್ರೋಸನ್ನು ಅರಗಿಸುವ ಕಿಣ್ವ ಎಳೆಯ ಕುದುರೆ ಮರಿಯ ಕರುಳಿನಲ್ಲಿ ಬಹಳ ಕಡಿಮೆ, ಕರುವಿನಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಅರಗದ ಸಕ್ಕರೆ ಕರುಳಿನಲ್ಲಿ ನೀರು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪ್ಯಾಕೆಟ್ಟಿನಲ್ಲಿ ಇರುವುದು ಗ್ಲೂಕೋಸ್, ಹಾಗಾಗಿ ಡಾಕ್ಟರು ಬರುವವರೆಗೆ ಅದು ನಡೆಯುತ್ತದೆ. ಪ್ಯಾಕೆಟ್ಟಿನ ಮೇಲೆ ಬರೆದಷ್ಟೇ ನೀರಿಗೆ ಕಲಸಿ ಬೇರೆ ಬುಟ್ಟಿಯಲ್ಲಿ ಇಡಬೇಕು, ಹಾಲಿಗೆ ಬೆರೆಸಬಾರದು, ಹಾಲಿನ ಬದಲಿಗೂ ಅಲ್ಲ. ಗೊಟ್ಟದಲ್ಲಿ ಹಾಕಿ ಬಲವಂತವಾಗಿ ಗಂಟಲಿಗೆ ಸುರಿದರೆ ಪುಪ್ಪುಸಕ್ಕೆ ಹೋಗಿ ಇನ್ನೊಂದು ರೋಗ. ಕುಡಿಯಲಾರದಷ್ಟು ಸೋತ ಮರಿಗೆ ರಕ್ತನಾಳಕ್ಕೆ ಸಲೈನ್ ಬೇಕು, ಅದು ಡಾಕ್ಟರ ಕೆಲಸ. ಮನುಷ್ಯರ ಭೇದಿ ನಿಲ್ಲಿಸುವ ಗುಳಿಗೆ, ಉಳಿದ ಆಂಟಿಬಯೋಟಿಕ್ ಕ್ಯಾಪ್ಸೂಲು ಇವಂತೂ ಬೇಡವೇ ಬೇಡ. ವೈರಸ್ಸಿನ ಭೇದಿಗೆ ಆಂಟಿಬಯೋಟಿಕ್ ತಾಕುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಕುದುರೆಯ ಕರುಳು ಬಹಳ ನಾಜೂಕು, ಲಿಂಕೋಮೈಸಿನ್‌ನಂಥ ಕೆಲವು ಔಷಧಗಳು ಕುದುರೆಗೆ ಜೀವ ತೆಗೆಯುವ ಭೇದಿಯನ್ನೇ ತರಬಲ್ಲವು. ಡಾಕ್ಟರು ಜ್ವರ, ರಕ್ತದ ನಂಜು ನೋಡಿ ಕೊಡುವ ಆಂಟಿಬಯೋಟಿಕ್ ಮಾತು ಬೇರೆ. ಮರಿ ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಇವುಗಳಲ್ಲಿ ಕೆಲವು ಕಾಯಿಲೆ ಮನೆಯ ಮಕ್ಕಳಿಗೂ ಅಂಟುತ್ತವೆ.

ಅರ್ಧ ತಿಳುವಳಿಕೆ ಅನ್ನುವುದು ಕಾಕಾನಿಗೆ ಮಾತ್ರ ಇರುವುದಲ್ಲ, ಇಂಜಿನಿಯರಿಂಗ್ ಓದಿದ ನನಗೂ ಇತ್ತು ಅಂತ ಹೇಳಲಿಕ್ಕೆ ಇಷ್ಟೆಲ್ಲ ಬರೆದೆ.

ಓಆರ್‌ಎಸ್ ಹೆಸರು ಬಂದಿದ್ದಕ್ಕೆ ಒಂದು ನೆನಪು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದಾಗ ಕಾಲರಾ ಹಬ್ಬಿತು. ಸಲೈನ್ ಬಾಟಲಿ ಮುಗಿದವು. ಡಾಕ್ಟರ್ ದಿಲೀಪ್ ಮಹಾಲನೊಬಿಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮಿನಲ್ಲಿ ತುಂಬಿಟ್ಟು, ರೋಗಿಗಳ ಮನೆಯವರಿಗೇ ಕುಡಿಸುವುದನ್ನು ಹೇಳಿಕೊಟ್ಟರು. ಶೇಕಡಾ 30ರಷ್ಟಿದ್ದ ಸಾವು ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಅವರು ತೀರಿಕೊಂಡದ್ದು 2022ರಲ್ಲಿ, ಪದ್ಮವಿಭೂಷಣ ಬಂದದ್ದು ಮರುವರ್ಷ. ನನಗೆ ಆ ಕತೆಯಲ್ಲಿ ಪುಡಿಗಿಂತ ದೊಡ್ಡದಾಗಿ ಕಂಡದ್ದು ಇನ್ನೊಂದು. ಅವರು ವಿದ್ಯೆಯನ್ನು ಬಿಳಿ ಕೋಟಿನ ಜೇಬಿನಲ್ಲಿ ಇಟ್ಟುಕೊಳ್ಳಲಿಲ್ಲ, ರೋಗಿಯ ಪಕ್ಕ ಕೂತ ತಾಯಿಯ ಕೈಗೆ ಕೊಟ್ಟರು.

ನಮ್ಮ ಕುರಿಗಾರರ ಕೈಗೆ ಯಾರು ಏನು ಕೊಟ್ಟಿದ್ದೇವೆ? ಸ್ಟಡ್ ಫಾರ್ಮಿನಲ್ಲಿ ಹುಟ್ಟುವ ರೇಸ್ ಕುದುರೆಯ ಮರಿಗೆ ಹೆಸರಿದೆ, ವಂಶಾವಳಿ ಇದೆ, ಬೆಲೆಯೂ ಇದೆ. ತಟ್ಟು ಕುದುರೆಯ ಮರಿಗೆ ಏನೂ ಇಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ಇಡೀ ದೇಶದಲ್ಲಿ ಕುದುರೆ, ತಟ್ಟು ಸೇರಿ ಸುಮಾರು 3.4 ಲಕ್ಷ. 2012ಕ್ಕೆ ಹೋಲಿಸಿದರೆ ಶೇಕಡಾ 45ರಷ್ಟು ಕಡಿಮೆ. ಕುರಿಗೆ, ಎಮ್ಮೆಗೆ ಯೋಜನೆ ಇರುತ್ತವೆ, ಇಷ್ಟು ಕಡಿಮೆ ಇರುವ ಪ್ರಾಣಿ ಯಾರ ಕಣ್ಣಿಗೂ ಬೀಳುವುದಿಲ್ಲ. ಇವತ್ತು ಈ ಹೊಲ, ನಾಳೆ ಇನ್ನೊಂದು ಹೊಲ ಅಂತ ತಿರುಗುವವರಿಗೆ "ನಮ್ಮ ಆಸ್ಪತ್ರೆ" ಅನ್ನುವುದು ಯಾವುದು? ಈಗ 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಹೇಳಬಹುದು, ಅದು ಒಳ್ಳೆಯದೇ. ಕಾಕಾನ ಜೇಬಿನಲ್ಲಿ ಫೋನ್ ಇತ್ತು. ನಂಬರ್ ಗೊತ್ತಿರಲಿಲ್ಲ. ಸಾಮಾನ್ಯವಾಗಿ ಹೇಳಿದರೆ ಇಡೀ ಕತೆ ಇಷ್ಟೇ: ಉಪಾಯ ಇದೆ, ಬೇಕಾದವರ ಭಾಷೆಯಲ್ಲಿ, ಬೇಕಾದವರ ಹತ್ತಿರ ಇಲ್ಲ.

ಯಾದಗಿರಿ ಹತ್ತಿರದ ಮೈಲಾಪುರದಲ್ಲಿ ಸಂಕ್ರಾಂತಿಗೆ ಮಲ್ಲಯ್ಯನ ಜಾತ್ರೆ. ನಮ್ಮ ಕಾಕಾ ಮನೆಯವರೂ ಹೋಗುವವರೇ. ಮೈಲಾರಲಿಂಗ ಕುದುರೆ ಏರಿದ ದೇವರು. ದೇವರ ಕುದುರೆಗೆ ಭಂಡಾರ ಎರಚುತ್ತೇವೆ. ಬೇವಿನ ಗಿಡಕ್ಕೆ ಕಟ್ಟಿದ ಮರಿಗೆ ಹಾಲು ಬಿಡುವುದಿಲ್ಲ. ಇದರಲ್ಲಿ ಕ್ರೌರ್ಯ ಇದೆ ಅಂತ ನಾನು ಒಪ್ಪುವುದಿಲ್ಲ. ಆ ಮನುಷ್ಯ ರಾತ್ರಿಯೆಲ್ಲ ಮರಿಯ ಮೇಲೆ ತನ್ನ ಕಂಬಳಿ ಹೊದಿಸಿ ತಾನು ಚಳಿಯಲ್ಲಿ ಕೂತಿದ್ದ. ಪ್ರೀತಿ ಬೇಕಾದಷ್ಟಿತ್ತು, ನಾಲ್ಕು ಪ್ರಶ್ನೆ ಗೊತ್ತಿರಲಿಲ್ಲ ಅಷ್ಟೇ.

ಹಾಗಾಗಿ ನನ್ನ ಅಭಿಪ್ರಾಯ, ತಪ್ಪಿದ್ದರೆ ತಿದ್ದಿ. ನಾವು ಕನ್ನಡದಲ್ಲಿ ಬರೆಯುವವರು ಕವನ ಬರೆಯುತ್ತೇವೆ, ಸಿನಿಮಾ ವಿಮರ್ಶೆ ಬರೆಯುತ್ತೇವೆ, ಕನ್ನಡ ಉಳಿಯಬೇಕು ಅಂತ ವರ್ಷಕ್ಕೊಂದು ನವೆಂಬರ್ ಪೋಸ್ಟ್ ಹಾಕುತ್ತೇವೆ (ನಾನೂ ಹಾಕಿದ್ದೇನೆ). ಬೇಡ ಅನ್ನುತ್ತಿಲ್ಲ. ಅದರ ಜೊತೆಗೆ ಒಂದೊಂದು ಇಂಥದ್ದನ್ನೂ ಬರೆಯೋಣ. ನಮ್ಮ ನಮ್ಮ ಕಡೆ ಕರು, ಕುರಿಮರಿ, ಕೂಸು ಯಾವುದರಿಂದ ಸುಮ್ಮಸುಮ್ಮನೆ ಸಾಯುತ್ತವೆ, ಗೊತ್ತಿದ್ದವರನ್ನು ಕೇಳಿ, ಅಳೆದು, ನಮ್ಮ ಮಾತಿನಲ್ಲಿ ಬರೆಯೋಣ. ಕುರಿಗಾರರು ಬ್ಲಾಗ್ ಓದುವುದಿಲ್ಲ ಅನ್ನುತ್ತೀರಿ. ಅವರ ಮಗಳು ಓದುತ್ತಾಳೆ. ಕಾಕಾನ ಮಗಳು ಸುರಪುರದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಪಿಯುಸಿ ಮಾಡುತ್ತಿದ್ದಾಳೆ. ಮೇಲಿನ ನಾಲ್ಕು ಪ್ರಶ್ನೆಗಳನ್ನು ಅವಳೇ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಕೆಳಗೆ 1962 ಅಂತ ಬರೆದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಪ್ಪನ ಹಿಟ್ಟಿನ ಚೀಲದಲ್ಲಿ ಇಟ್ಟಳು.

ಮರಿ ಏನಾಯಿತು ಅಂತ ಕೇಳುತ್ತೀರಲ್ಲವೇ? ನಾನು ಬಸ್ ಹತ್ತುವ ದಿನ ಭೇದಿ ಇನ್ನೂ ಪೂರ್ತಿ ನಿಂತಿರಲಿಲ್ಲ, ಗಟ್ಟಿಯಾಗುತ್ತಿತ್ತು. ಹೋದ ವಾರ ಕಾಕಾ ಫೋನ್ ಮಾಡಿದ್ದರು. ಈಗ ಅವರು ಬೇರೆ ಯಾರದೋ ಹೊಲದಲ್ಲಿದ್ದಾರೆ.

"ಮರಿ ಹ್ಯಾಂಗದ ಕಾಕಾ?"

"ಕುಂದ್ರಂಗಿಲ್ಲ ತಮ್ಮಾ, ನಾಯಿ ಬೆನ್ ಹತ್ತಿ ಓಡತದ. ಅದರ ಲದ್ದಿ ಗಟ್ಟಿ ಆಗ್ಯದ, ನೋಡಿ ನೋಡಿ ಖುಷಿ ಪಡಾಕತ್ತೀನಿ."

ಲದ್ದಿ ನೋಡಿ ಖುಷಿ ಪಟ್ಟವರು ಈಗ ಇಬ್ಬರಾದೆವು :)

ನಿಮ್ಮ ಕಡೆ ಎಳೆ ಮರಿಗಳಿಗೆ ಹೊಟ್ಟೆ ಕೆಟ್ಟರೆ ಏನು ಮಾಡುತ್ತಾರೆ? ಗಿಣ್ಣು ಕುಡಿಸುತ್ತಾರಾ, ಚೆಲ್ಲುತ್ತಾರಾ? ಗೊತ್ತಿದ್ದವರು ಬರೆಯಿರಿ. ಡಾಕ್ಟರುಗಳು ಯಾರಾದರೂ ಓದುತ್ತಿದ್ದರೆ ತಪ್ಪು ಕಂಡಲ್ಲಿ ಮುಲಾಜಿಲ್ಲದೆ ಹೇಳಿ, ತಿದ್ದುತ್ತೇನೆ.